ಗಾಜಿನೊಳಗಿನ ಬೂಷ್ಟು

ಬಲ್ಬಿನ ಪೆಟ್ಟಿಗೆಯ ಬಾಗಿಲು ತೆರೆದರೆ ಒಂದು ವಾಸನೆ ಬರುತ್ತದೆ. ಬಿಸಿಯಾದ ಪ್ಲೈವುಡ್ಡು, ಹಳೆಯ ಚರ್ಮದ ಚೀಲ, ಬಲ್ಬಿನ ಮೇಲೆ ಕೂತು ಸುಟ್ಟ ಧೂಳು, ಎಲ್ಲ ಸೇರಿದ ವಾಸನೆ. ನಮ್ಮ ಕಡೆ ಕ್ಯಾಮೆರಾ ಇಟ್ಟುಕೊಂಡವರಿಗೆಲ್ಲ ಇದು ಗೊತ್ತು. ಜೂನ್ ತಿಂಗಳಿಂದ ದೀಪಾವಳಿವರೆಗೆ ಸಣ್ಣ ಬಲ್ಬೊಂದು ಸದಾ ಉರಿಯುವ ಪೆಟ್ಟಿಗೆಯಲ್ಲಿ ಇಡದಿದ್ದರೆ ಲೆನ್ಸಿನ ಒಳಗೆ ಬೂಷ್ಟು ಹಿಡಿಯುತ್ತದೆ. ಉಪ್ಪಿನಕಾಯಿಗೆ, ಚಪ್ಪಲಿಗೆ ಹಿಡಿಯುವ ಅದೇ ಬೂಷ್ಟು.

ಹೋದ ತಿಂಗಳು ಶೃಂಗೇರಿಯ ಹಲ್ಲಿನ ಡಾಕ್ಟರಮ್ಮ ಒಬ್ಬರು ಕೊಪ್ಪದ ನಮ್ಮ ಮನೆ ಹುಡುಕಿಕೊಂಡು ಬಂದರು. ಹಳೆಯ ಲೆನ್ಸುಗಳನ್ನು ಕೊಂಡು, ಹೊಸ ಡಿಜಿಟಲ್ ಕ್ಯಾಮೆರಾಕ್ಕೆ ಹಾಕಿ ಫೋಟೋ ತೆಗೆಯುವ ಹುಚ್ಚು ಅವರಿಗೆ. ಇಲ್ಲೊಬ್ಬ ವಾಚ್ ರಿಪೇರಿಯವನ ಹತ್ತಿರ ಹಳೇ ಕ್ಯಾಮೆರಾ ರಾಶಿಯೇ ಇದೆ ಎಂದು ಯಾರೋ ಹೇಳಿದ್ದರಂತೆ. ನಾನು ಪೆಟ್ಟಿಗೆ ತೆರೆದೆ. ಅವರು ಒಂದೊಂದನ್ನೇ ಎತ್ತಿ, ಮೂಸಿ, ಗುಂಡಿ ಒತ್ತಿ ನೋಡಿ ಖುಷಿಪಟ್ಟರು. ಕೊನೆಗೆ ಕೆಳಗಿನ ಹಲಗೆಯ ಮೂಲೆಯಲ್ಲಿ ಅಕ್ಕಪಕ್ಕ ಕೂತಿದ್ದ ಎರಡು ಲೆನ್ಸುಗಳ ಮೇಲೆ ಅವರ ಕಣ್ಣು ಬಿತ್ತು.

"ಒಂದೇ ತರದ್ದು ಎರಡು ಯಾಕೆ ಅಂಕಲ್?" ಎಂದರು.

ಮೂವತ್ತು ವರ್ಷದಿಂದ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ...

ಅದರಲ್ಲಿ ಒಂದು ಸ್ಟುಡಿಯೋ ಸಾಹೇಬರದು.

ಆಗ ಕೊಪ್ಪದ ಬಸ್ ಸ್ಟ್ಯಾಂಡಿನ ಹತ್ತಿರ ನನ್ನ ವಾಚ್ ರಿಪೇರಿ ಅಂಗಡಿ ಇತ್ತು. ಎಸ್ಸೆಸ್ಸೆಲ್ಸಿ ಮುಗಿಸಿ ಮಾವನ ಕೈಕೆಳಗೆ ಕಲಿತ ಕೆಲಸ. ಸಾಹೇಬರ ಸ್ಟುಡಿಯೋ ನಾಲ್ಕು ಅಂಗಡಿ ಆಚೆ. ಶೃಂಗೇರಿ, ನರಸಿಂಹರಾಜಪುರದ ಕಡೆಯಿಂದಲೂ ಮದುವೆ ಫೋಟೋಕ್ಕೆ ಅವರನ್ನೇ ಕರೆಯುತ್ತಿದ್ದರು. ಅವರ ಕ್ಯಾಮೆರಾದಲ್ಲಿ ಏನಾದರೂ ಬಿಗಿಯಾದರೆ ನನ್ನ ಮೇಜಿಗೆ ಬರುತ್ತಿತ್ತು. ಹಾಗೆ ನನಗೂ ಆ ರೋಗ ಹತ್ತಿತು. ಹಳೆಯ ಕ್ಯಾಮೆರಾ ಎಲ್ಲಿ ಮಾರಾಟಕ್ಕಿದೆ ಎಂದರೆ ಅಲ್ಲಿಗೆ ಓಡುವುದು. ಅದರಲ್ಲಿ ಫೋಟೋ ತೆಗೆದದ್ದು ಕಡಿಮೆ, ಬಿಚ್ಚಿ ಜೋಡಿಸಿ ಒರೆಸಿ ಇಟ್ಟದ್ದೇ ಹೆಚ್ಚು.

ಗಾಜು ನೋಡುವುದನ್ನು ಕಲಿಸಿದವರೂ ಅವರೇ.

"ಹೆಣ್ಣು ನೋಡೋಕೆ ಹೋದವ ಮುಖ ನೋಡ್ತಾನೆ. ಗಾಜು ನೋಡೋಕೆ ಹೋದವ ಹೊಟ್ಟೆ ನೋಡ್ಬೇಕು ಮಾರಾಯ. ಹಿಂದಿನಿಂದ ಟಾರ್ಚ್ ಬಿಡು, ಓರೆ ಹಿಡಿ. ಟಾರ್ಚ್ ಬಿಡದೆ ಗಾಜು ತಗೊಂಡ್ಯಾ, ನನ್ನ ಶಿಷ್ಯ ಅಂತ ಹೊರಗೆಲ್ಲೂ ಹೇಳ್ಬೇಡ!"

ಸಾಹೇಬರ ಹತ್ತಿರ ಇದ್ದದ್ದು ಒಂದೇ ಒಳ್ಳೆಯ ಕ್ಯಾಮೆರಾ, ಅದಕ್ಕೊಂದೇ ಲೆನ್ಸು. ನನಗೆ ಅದೇ ಜಾತಿಯದು ಬೇಕಿತ್ತು. ವರ್ಷಗಟ್ಟಲೆ ಕಾದೆ. ಒಂದು ದಿನ ನರಸಿಂಹರಾಜಪುರದಿಂದ ಸುದ್ದಿ ಬಂತು. ವರ್ಗವಾಗಿ ಹೊರಟ ಎಂಜಿನಿಯರರೊಬ್ಬರು ಸಾಮಾನು ಮಾರುತ್ತಿದ್ದಾರೆ, ಅದರಲ್ಲಿ ಆ ಲೆನ್ಸು ಇದೆ. ನಾನು ಹೋದಾಗ ಸಂಜೆ, ಕರೆಂಟಿಲ್ಲ. ಬಾಳೆಹೊನ್ನೂರಿನ ಕಡೆಯಿಂದ ಇನ್ನೊಬ್ಬರು ಅದನ್ನೇ ನೋಡಲು ಮುಂದಿನ ಬಸ್ಸಿಗೆ ಬರುತ್ತಾರೆ ಎಂದರು. ನನ್ನ ಚೀಲದಲ್ಲಿ ಟಾರ್ಚ್ ಇತ್ತು. ತೆಗೆಯಲಿಲ್ಲ. ನೋಡುತ್ತ ಕೂತರೆ ಕೈತಪ್ಪಿ ಹೋದೀತು ಎಂಬ ಆತುರ.

ಮನೆಗೆ ಬಂದು ಟಾರ್ಚ್ ಬಿಟ್ಟೆ. ಒಳಗೆ ಜೇಡರಬಲೆ ನೇಯ್ದ ಹಾಗೆ ಬೂಷ್ಟು. ಗಾಜಿನ ಮೈಯನ್ನೇ ತಿಂದಿತ್ತು. ಒರೆಸಿ ಹೋಗುವಂಥದ್ದಲ್ಲ.

ನಷ್ಟ ತಡೆದುಕೊಳ್ಳಬಹುದಿತ್ತು. ಸಾಹೇಬರು ನಗುತ್ತಾರೆ ಎಂಬುದನ್ನು ತಡೆದುಕೊಳ್ಳಲಾಗಲಿಲ್ಲ. "ಲೆನ್ಸ್ ಸಿಕ್ತಂತೆ, ತೋರ್ಸು" ಎಂದು ಅವರು ಎರಡು ಸಲ ಕೇಳಿದರು. ಇವತ್ತು ನಾಳೆ ಎಂದೆ. ಅದೇ ವಾರ ಅವರ ಕ್ಯಾಮೆರಾದ ರೀಲು ಸುತ್ತುವ ಹಿಡಿ ಬಿಗಿಯಾಯಿತು. ಲೆನ್ಸಿನ ಸಮೇತ ನನ್ನ ಮೇಜಿನ ಮೇಲಿಟ್ಟು ಹೋದರು. ಬಿಳಿ ಬಟ್ಟೆಯ ಮೇಲೆ ಎರಡು ಲೆನ್ಸು ಪಕ್ಕಪಕ್ಕ ಕೂತವು. ಒಂದೇ ಜಾತಿ, ಒಂದೇ ಗಾತ್ರ...

ಅದು ಅದಲುಬದಲಾಗಿ ಹೋಯಿತು ಎಂದು ಬರೆಯುವ ಹಾಗಿಲ್ಲ. ಲೆನ್ಸಿನ ಮೂತಿಯ ಸುತ್ತ ಒಂದು ಬಳೆ, ಅದರ ಮೇಲೆ ನಂಬರು ಕೆತ್ತಿರುತ್ತದೆ. ರಬ್ಬರ್ ಬಿರಡೆ ಒತ್ತಿ ತಿರುಗಿಸಿದರೆ ಬಳೆ ಕಳಚಿ ಬರುತ್ತದೆ. ಅವರ ಬಳೆಯನ್ನು ನನ್ನ ಲೆನ್ಸಿಗೆ ಹಾಕಿದೆ, ನನ್ನ ಬಳೆಯನ್ನು ಅವರ ಲೆನ್ಸಿಗೆ. ಕೈ ನಡುಗಲಿಲ್ಲ. ವಾಚಿನವನ ಕೈ ನಡುಗುವುದಿಲ್ಲ.

ಮರುದಿನ ಬೂಷ್ಟಿನ ಲೆನ್ಸು ಹಾಕಿದ ಅವರ ಕ್ಯಾಮೆರಾ ಹಿಂದಿರುಗಿಸಿ, ನನ್ನ ಲೆನ್ಸು ತೋರಿಸಿದೆ. ಸಾಹೇಬರು ಟಾರ್ಚ್ ಬಿಟ್ಟು, ಓರೆ ಹಿಡಿದು, ತಮ್ಮದೇ ಗಾಜನ್ನು ನೋಡಿದರು. "ಭೇಷ್! ಕಲಿತೆ ನೀನು" ಎಂದು ಬೆನ್ನು ತಟ್ಟಿದರು.

ಶೃಂಗೇರಿಯ ಮದುವೆಯೊಂದರ ಫೋಟೋಗಳು ಮೊದಲು ಕೆಟ್ಟವು. ಹೆಣ್ಣಿನ ತಂದೆ ಸ್ಟುಡಿಯೋ ಬಾಗಿಲಲ್ಲಿ ನಿಂತು ಹೇಳಿದ್ದು ನನ್ನ ಅಂಗಡಿಗೂ ಕೇಳಿತು. "ಸಾಹೇಬ್ರೆ, ನಮ್ಮ ಕೂಸಿನ ಮದ್ವೆ ಮಾಡಿದ್ದು ಛತ್ರದಲ್ಲಿ. ನೀವು ಬಚ್ಚಲ ಒಲೆ ಎದ್ರು ನಿಲ್ಸಿ ತೆಗ್ದ್ರಾ ಎಂತ? ಇಷ್ಟು ಹೊಗೆ ಎಲ್ಲಿಂದ ಬಂತು?"

ಅವರು ರೀಲು ಬದಲಿಸಿದರು. ತೊಳೆಯುವ ಔಷಧಿ ಬದಲಿಸಿದರು. ಆಮೇಲೆ ನನ್ನ ಹತ್ತಿರ ಬಂದರು. ಲೆನ್ಸು ಬಿಚ್ಚಿ ಮೇಜಿನ ಮೇಲಿಟ್ಟರು.

"ನೋಡು ಗಡಿಯಾರ, ನಂಗೆ ಇದ್ರೊಳಗೆ ಎಂತದೋ ಮಂಜಿನ ಹಾಗೆ ಕಾಣ್ತದೆ. ಅದು ಗಾಜಿನೊಳಗುಂಟಾ, ನನ್ನ ಕಣ್ಣೊಳಗುಂಟಾ?"

ನನ್ನನ್ನು ಅವರು ತಮಾಷೆಗೆ ಗಡಿಯಾರ ಎಂದೇ ಕರೆಯುತ್ತಿದ್ದದ್ದು. ಆ ದಿನ ಮುಖದಲ್ಲಿ ತಮಾಷೆ ಇರಲಿಲ್ಲ. ನಾನು ವಾಚು ನೋಡುವ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿದೆ. ಟಾರ್ಚ್ ಬಿಟ್ಟೆ. ಓರೆ ಹಿಡಿದೆ. ನನ್ನ ಬೂಷ್ಟು ಬೆಳೆದಿತ್ತು... ಎಳೆ ಎಳೆಯಾಗಿ ಕಂಡಿತು.

"ಗಾಜು ಚೊಕ್ಕ ಉಂಟು ಸಾಹೇಬ್ರೆ," ಎಂದೆ.

ಅವರು ಬಲಗಣ್ಣನ್ನು ಕೈಯಿಂದ ಮುಚ್ಚಿದರು, ತೆರೆದರು. "ಹಂಗಾದ್ರೆ ಇದೇ ಕಣ್ಣು. ಫೋಕಸ್ ತಪ್ಪಿ ಫೋಟೋ ಮಸುಕಾಗ್ತದೆ. ಇಷ್ಟು ವರ್ಷ ಕ್ಯಾಮೆರಾಕ್ಕೆ ಇಟ್ಟು ಇಟ್ಟು ಸವೆದು ಹೋಗಿದೆ ಮಾರಾಯ," ಎಂದರು.

ಅವರು ಕಣ್ಣಿನ ಡಾಕ್ಟರಿಗೂ ತೋರಿಸಿದರು. ಅದು ನಿಜ ಹೇಳಲು ನನಗೆ ಸಿಕ್ಕ ಎರಡನೆಯ ಅವಕಾಶ. ಬಸ್ಸಿಳಿದು ಸೀದಾ ನನ್ನ ಅಂಗಡಿಗೆ ಬಂದು ಹೇಳಿದರು.

"ಕಣ್ಣಿಗೆಂತ ಆಗಿಲ್ಲ, ಓದೋಕೊಂದು ಕನ್ನಡಕ ಸಾಕು ಅಂತಾರೆ. ಗೋಡೆ ಮೇಲೆ ಕುಂಬಳಕಾಯಿ ಗಾತ್ರದ ಅಕ್ಷರ ತೋರ್ಸಿದ್ರೆ ಯಾರಿಗೆ ಕಾಣಲ್ಲ? ಅವರಿಗೆಂತ ಗೊತ್ತು ಫೋಟೋದ್ದು! ಕೂದಲಿನಂಥ ಸ್ಪ್ರಿಂಗ್ ನೋಡೋ ನೀನೇ ಹೇಳಿದ್ಯಲ್ಲ, ಗಾಜು ಚೊಕ್ಕ ಅಂತ."

ಡಾಕ್ಟರ ಮಾತಿಗಿಂತ ನನ್ನ ಮಾತು ದೊಡ್ಡದಾಯಿತು. ನಾನು ತಲೆ ಎತ್ತದೆ, "ವಯಸ್ಸಾಗ್ತದಲ್ಲ ಸಾಹೇಬ್ರೆ," ಎಂದೆ. ಹಾಗೆಂದು ಅವರು ಕೇಳಿರಲಿಲ್ಲ. ನಾನಾಗಿ ಹೇಳಿದ್ದು. ಅವರಿಗಾಗ ಐವತ್ತೈದೂ ತುಂಬಿರಲಿಲ್ಲ.

ಆ ವರ್ಷವೇ ಸ್ಟುಡಿಯೋ ಮುಚ್ಚಿತು. ಬೋರ್ಡು ಇಳಿಸಿದ ದಿನ ಸಾಹೇಬರು ಚರ್ಮದ ಚೀಲ ಹಿಡಿದು ಬಂದರು. ಕ್ಯಾಮೆರಾ, ಲೆನ್ಸು ಎರಡನ್ನೂ ನನ್ನ ಮೇಜಿನ ಮೇಲಿಟ್ಟರು. ನಾನು ಬೇಡ ಎಂದೆ. ನಿಜಕ್ಕೂ ಹೆದರಿ ಬೇಡ ಎಂದೆ.

"ಇಟ್ಕೋ. ಮಾರೋಕೆ ಮನಸ್ಸಿಲ್ಲ. ಚಂದ ನೋಡ್ಕೊಳ್ಳೋನು ಈ ಊರಲ್ಲಿ ನೀನೊಬ್ನೇ."

ಹೀಗೆ ನನ್ನ ಬೂಷ್ಟು ಹಿಡಿದ ಲೆನ್ಸು ಅವರ ಕೈಯಿಂದಲೇ ನನ್ನ ಮನೆಗೆ ವಾಪಸ್ಸು ಬಂತು. ಒಂದೇ ಪೆಟ್ಟಿಗೆಯೊಳಗೆ ಎರಡನ್ನೂ ಇಟ್ಟೆ. ಆಮೇಲೆ ಕ್ಯಾಮೆರಾ ಕೊಳ್ಳುವುದನ್ನು ನಿಲ್ಲಿಸಿದೆನೇ? ಇಲ್ಲ. ಇನ್ನೂ ಹೆಚ್ಚು ಕೊಂಡೆ. ಆ ಎರಡು ಕಾಣಬಾರದೆಂದು ಅವುಗಳ ಮುಂದೆ ಸಾಲು ಸಾಲಾಗಿ ಇಟ್ಟೆ. ಬಲ್ಬಿನ ಬಿಸಿಯೂ ಆ ಮೂಲೆಗೆ ತಲುಪದಾಯಿತು.

ಸಾಹೇಬರು ತಮ್ಮನ ಚಪ್ಪಲಿ ಅಂಗಡಿಯಲ್ಲಿ ಕೂರತೊಡಗಿದರು. ಬರಬರುತ್ತ ಗೋಡೆ ಹಿಡಿದು ನಡೆಯುವುದು ಶುರುವಾಯಿತು. ರಸ್ತೆ ದಾಟಲು ಮಗಳು ಕೈ ಹಿಡಿಯಬೇಕು. ಕಾಣುವ ಕಣ್ಣಿಟ್ಟುಕೊಂಡ ಮನುಷ್ಯ, ತನಗೆ ಕಾಣುವುದಿಲ್ಲ ಎಂದು ನಂಬಿ, ನನ್ನ ಕಣ್ಣೆದುರೇ ಕುರುಡನಾಗುವುದನ್ನು ಕಲಿತ. ನನ್ನ ಅಂಗಡಿಯ ಮುಂದೆ ಬಂದಾಗ ಮಾತ್ರ ನಿಂತು ಕೇಳುತ್ತಿದ್ದರು: "ಗಡಿಯಾರ, ನಮ್ಮ ಲೆನ್ಸಿಗೆ ಬಿಸಿಲು ತೋರ್ಸಿದ್ಯಾ?"

"ತೋರ್ಸಿದೆ ಸಾಹೇಬ್ರೆ." ಅದೂ ಸುಳ್ಳು. ನಾನು ಆ ಲೆನ್ಸುಗಳನ್ನು ಮುಟ್ಟುತ್ತಿರಲಿಲ್ಲ.

ಅವರು ತೀರಿಕೊಂಡ ಮೇಲೆ ಮಗಳ ಮನೆಗೆ ಹೋದೆ. ಆಕೆ ನರಸಿಂಹರಾಜಪುರದಲ್ಲಿದ್ದಳು. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿದ್ದೆ. ಒಳಗೆ ಕೂರಿಸಿ, ಕುರ್ಚಿಯ ಮೇಲಿನ ಬಟ್ಟೆ ಸರಿಸಿ, ಚಾ ಕೊಟ್ಟಳು. "ಅಪ್ಪ ಕೊನೆವರೆಗೂ ನಿಮ್ಮ ಹೆಸರೇ ಹೇಳ್ತಿದ್ರು. ಅವ್ರೊಬ್ರೇ ನಂಗೆ ಸತ್ಯ ಹೇಳಿದ್ದು, ಉಳಿದೋರೆಲ್ಲ ಸಮಾಧಾನಕ್ಕೆ ಹೇಳಿದ್ರು ಅಂತ."

ನಾನು ಚಾ ಕುಡಿದೆ. ಬಸ್ಸಿಗೆ ಹೊತ್ತಾಯಿತು ಎಂದು ಎದ್ದು ಬಂದೆ. ಬಸ್ಸಿಗೆ ಇನ್ನೂ ಒಂದು ಗಂಟೆ ಇತ್ತು... ಈಗ ಆಕೆಯೂ ಎಲ್ಲಿದ್ದಾಳೋ ಗೊತ್ತಿಲ್ಲ. ಎಲ್ಲಾದರೂ ಇದನ್ನು ಓದಿದರೆ, ಅವತ್ತು ಹೇಳದೆ ಬಂದದ್ದು ಇದೇ ಮಾತು ತಾಯಿ.

ಡಾಕ್ಟರಮ್ಮ ಅವೆರಡನ್ನೂ ಎತ್ತಿಕೊಂಡು ಕಿಟಕಿಯ ಹತ್ತಿರ ಹೋದರು. ನಾನು ಬೇಡ ಎನ್ನುವಷ್ಟರಲ್ಲಿ ಮೊಬೈಲಿನ ಟಾರ್ಚ್ ಹಚ್ಚಿದ್ದರು. ಹಿಂದಿನಿಂದ ಬೆಳಕು ಬಿಟ್ಟರು. ಓರೆ ಹಿಡಿದರು. ಅವರಿಗೆ ಯಾರು ಕಲಿಸಿದರೋ.

"ಅಯ್ಯೋ, ಎರಡೂ ಹೋಗಿದೆಯಲ್ಲ ಅಂಕಲ್. ನೀವೇ ನೋಡಿ."

ಕೈಗೆ ತೆಗೆದುಕೊಂಡೆ. ನನಗೂ ಈಗ ಕಣ್ಣಿಗೆ ಪೊರೆ ಬಂದಿದೆ. ಆಪರೇಷನ್ನಿಗೆ ಹೇಳಿದ್ದಾರೆ, ನಾನೇ ಮುಂದೂಡುತ್ತಿದ್ದೇನೆ. ಒಂದನ್ನು ನೋಡಿದೆ, ಇನ್ನೊಂದನ್ನು ನೋಡಿದೆ. ಎರಡರಲ್ಲೂ ಒಂದೇ ಮಂಜು. ಯಾವುದು ಅವರದು, ಯಾವುದು ನನ್ನದು ತಿಳಿಯಲಿಲ್ಲ. ಬಳೆಯ ನಂಬರು ನೋಡಿ ತಿಳಿಯೋಣವೆಂದರೆ ಯಾವ ನಂಬರು ಯಾರದಿತ್ತೆಂದು ಮರೆತು ಎಷ್ಟೋ ವರ್ಷವಾಗಿದೆ. ಹಿಂದಕ್ಕೆ ಕೊಡುತ್ತೇನೆಂದರೂ ಕೊಡಲು ಈಗ ಏನೂ ಉಳಿದಿಲ್ಲ.

ಬಾಯಿ ತಾನಾಗಿ ಕೇಳಿತು: "ಇದು ಗಾಜಿನೊಳಗುಂಟಾ ಅಮ್ಮಾ, ನನ್ನ ಕಣ್ಣೊಳಗುಂಟಾ?"

ಅವರಿಗೆ ನನ್ನ ಪರಿಚಯವಾಗಿ ಅರ್ಧ ಗಂಟೆ ಆಗಿರಲಿಲ್ಲ. ನನ್ನಿಂದ ಏನೂ ಆಗಬೇಕಿರಲಿಲ್ಲ. ಲೆನ್ಸನ್ನು ಮತ್ತೊಮ್ಮೆ ಬೆಳಕಿಗೆ ಹಿಡಿದು ನೋಡಿ, ಹೇಳಿದರು.

"ಗಾಜಿನೊಳಗೇ ಅಂಕಲ್. ನಿಮ್ಮ ಕಣ್ಣಲ್ಲ, ಹೆದರ್ಬೇಡಿ."

ಅಷ್ಟೇ. ಅಷ್ಟು ಹೇಳಲು ಅವರಿಗೆ ಒಂದು ಉಸಿರೂ ಪೂರ್ತಿ ಬೇಕಾಗಲಿಲ್ಲ.