ಕೊನೆಯ ಲಾಂಚಿನ ಗಡಿಯಾರ

ನಾಲ್ಕು ದಿನ ಕಡಲ ಬದಿಯಲ್ಲೇ ಬೈಕ್ ಓಡಿಸಿದೆ. ಕಾರವಾರ, ಕುಮಟಾ, ಭಟ್ಕಳ, ಬೈಂದೂರು. ಎಲ್ಲ ಕಡೆಯೂ ಕಾಲೇಜು ದಿನಗಳ ಗೆಳತಿಯರಿದ್ದಾರೆ, ಅವರ ಮನೆಯಲ್ಲೇ ವಾಸ. ಐವತ್ತು ದಾಟಿದ ಹೆಂಗಸು ಹೆಲ್ಮೆಟ್ ಕಳಚುತ್ತಾ ಅಂಗಳಕ್ಕೆ ಬಂದರೆ ಮನೆಯವರಿಗಿಂತ ಪಕ್ಕದ ಮನೆಯವರಿಗೇ ಹೆಚ್ಚು ಖುಷಿ. ಕುಮಟಾದವಳು ಬಂಗುಡೆ ಹುರಿದು ಹಾಕಿ, ಇನ್ನೊಂದು ದಿನ ಇರು ಎಂದಳು. ಬೈಂದೂರಿನವಳು ಹೆಲ್ಮೆಟ್ಟನ್ನೇ ಅಡಗಿಸಿಟ್ಟಳು. ಜಪ್ಪಯ್ಯ ಅಂದರೂ ನಾನು ಬಗ್ಗಲಿಲ್ಲ. ಒಂದು ಮನೆಯಲ್ಲಿ ಒಂದೇ ರಾತ್ರಿ ಎಂಬುದು ನಾನೇ ಮಾಡಿಕೊಂಡ ಕಾನೂನು. ಅದನ್ನು ಶಿಸ್ತು ಎಂದು ಹೇಳಿಕೊಳ್ಳುತ್ತೇನೆ. ನಿಜ ಹೇಳಬೇಕೆಂದರೆ ಬರೀ ಮೊಂಡುತನ.

ಕೊನೆಯ ದಿನ ಕೊಲ್ಲೂರಿನ ಮೇಲೆ ಘಟ್ಟ ಹತ್ತಿ ಬ್ಯಾಕೋಡಿಗೆ ಬಂದೆ. ಅಲ್ಲಿರುವವಳು ಸಾಗರದ ಹಾಸ್ಟೆಲಿನಲ್ಲಿ ಮೂರು ವರ್ಷ ನನ್ನ ಜೊತೆ ಒಂದೇ ಕೋಣೆಯಲ್ಲಿದ್ದವಳು. ಈಗ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡಿದ್ದಾಳೆ. ಗಂಡನಿಗೆ ಕಾರ್ಗಲ್‌ನಲ್ಲಿ ಕೆಲಸ, ಬರುವುದು ವಾರಕ್ಕೊಮ್ಮೆ. ಅವಳ ಮನೆಯಲ್ಲಿ ಕಾಫಿ ಕುಡಿದು, ಹಿನ್ನೀರಿನ ಹೊಸ ಸೇತುವೆ ದಾಟಿ, ಕತ್ತಲಾಗುವುದರೊಳಗೆ ಸಾಗರದ ನನ್ನ ಮನೆ ಸೇರಬೇಕೆಂದುಕೊಂಡಿದ್ದೆ.

ಸೇತುವೆ ಬರುವ ಮುಂಚೆ ಆ ಕಡೆಯ ಊರುಗಳೆಲ್ಲ ನಡೆಯುತ್ತಿದ್ದದ್ದು ಜನರನ್ನೂ ಗಾಡಿಗಳನ್ನೂ ಹಿನ್ನೀರು ದಾಟಿಸುವ ಲಾಂಚಿನ ಹೊತ್ತಿಗೆ. ಸಂಜೆಯ ಕೊನೆಯ ಲಾಂಚ್ ತಪ್ಪಿತೆಂದರೆ ಹೊಸನಗರದ ಮೇಲೆ ಸುತ್ತಿ ಹೋಗಬೇಕು, ಇಲ್ಲವೇ ಉಳಿಯಬೇಕು. ಅದಕ್ಕೇ ಅಲ್ಲಿನ ಮನೆಗಳಲ್ಲಿ ಗಡಿಯಾರವನ್ನು ಹತ್ತು ನಿಮಿಷ ಮುಂದಿಡುವುದು ವಾಡಿಕೆ. ಇವಳ ಮನೆಯದೂ ಹಾಗೇ ಇರುತ್ತಿತ್ತು, ನಾನು ಬಂದ ದಿನ ಬಿಟ್ಟು. ನಾನು ಬಂದ ದಿನ ಅದು ಅರ್ಧ ಗಂಟೆ ಹಿಂದೆ. ಕೈಗೆ ವಾಚ್ ಕಟ್ಟಿದರೆ ನನಗೆ ತುರಿಕೆ, ಮೊಬೈಲ್ ಆಗಿನ್ನೂ ಬಂದಿರಲಿಲ್ಲ. ನಿಧಾನಕ್ಕೆ ಕಾಫಿ ಕುಡಿದು ದಡಕ್ಕೆ ಹೋದರೆ ಲಾಂಚ್ ನಡುನೀರಿನಲ್ಲಿ. ಬೈದುಕೊಳ್ಳುತ್ತಾ ವಾಪಸ್ ಬಂದರೆ ಅವಳು ಆಗಲೇ ಎರಡು ಹಾಸಿಗೆ ಹಾಸಿರುತ್ತಿದ್ದಳು.

ಎರಡನೇ ಸಲಕ್ಕೇ ನನಗೆ ಗುಟ್ಟು ತಿಳಿಯಿತು. ಹೇಳಲಿಲ್ಲ. ಮೊಬೈಲ್ ಬಂದ ಮೇಲೂ ಅದನ್ನು ಚೀಲದಿಂದ ತೆಗೆಯದೆ, ಅವಳ ಗಡಿಯಾರವನ್ನೇ ನಂಬಿದವಳಂತೆ ಕೂತಿರುತ್ತಿದ್ದೆ. ಅಷ್ಟು ಹತ್ತಿರ ಸ್ವಂತ ಮನೆ ಇಟ್ಟುಕೊಂಡು, ಇರು ಎಂದರೆ ಇರುವ ಪೈಕಿ ನಾನಲ್ಲ. ಲಾಂಚ್ ತಪ್ಪಿದರೆ ಮಾತ್ರ ಮಾನ ಉಳಿಸಿಕೊಂಡು ಇರಬಹುದಿತ್ತು.

ಸೇತುವೆಯಾದ ಮೇಲೆ ಮೂರು ಸಲ ಬಂದಿದ್ದೆ. ಮೂರು ಸಲವೂ ಅರ್ಧ ಗಂಟೆ ಕೂತು ಹೊರಟಿದ್ದೆ, ಅವಳೂ ತಡೆದಿರಲಿಲ್ಲ.

ಈ ಸಲ ಕಾಫಿ ಕುಡಿಯುತ್ತಾ ಗೋಡೆ ನೋಡಿದೆ. ಗಡಿಯಾರ ನನ್ನ ಮೊಬೈಲಿನ ಹೊತ್ತನ್ನೇ ತೋರಿಸುತ್ತಿತ್ತು.

"ಗಡಿಯಾರ ಸರಿ ಮಾಡಿಟ್ಟಿದ್ದೀಯಲ್ಲೇ," ಅಂದೆ.

"ಇನ್ನು ಯಾವ ಲಾಂಚ್ ಹಿಡೀಬೇಕು ಮಾರಾಯ್ತಿ? ಯಾವಾಗ ಬೇಕಾದ್ರೂ ಬರಬಹುದು, ಯಾವಾಗ ಬೇಕಾದ್ರೂ ಹೋಗಬಹುದು." ಸೂಜಿಗೆ ದಾರ ಪೋಣಿಸುತ್ತಿದ್ದವಳು ನನ್ನ ಮುಖ ನೋಡಲಿಲ್ಲ. "ಹೊರಡು ಮತ್ತೆ, ಬೆಳಕಿರೋ ಹೊತ್ತಿಗೇ ಊರು ಸೇರ್ಕೋ."

ನನಗೆ ನಿಜಕ್ಕೂ ಸಂಕಟವಾಯಿತು. ಇವಳು ನನ್ನನ್ನು ಉಳಿಸಿಕೊಳ್ಳುವ ಆಸೆಯನ್ನೇ ಬಿಟ್ಟಿದ್ದಳು. ಹೀಗೇ ಕಾಫಿ ಕುಡಿದು ಹೋಗುತ್ತಿದ್ದರೆ, ಇನ್ನೆರಡು ವರ್ಷಕ್ಕೆ ನಾನೂ ರವಿಕೆ ಹೊಲಿಸಲು ಬಂದು ಹೋಗುವ ಹೆಂಗಸರಲ್ಲಿ ಒಬ್ಬಳಾಗುತ್ತೇನೆ. ಹೆಲ್ಮೆಟ್ ಕೈಗೆತ್ತಿಕೊಂಡವಳು ಮತ್ತೆ ಕೆಳಗಿಟ್ಟೆ.

ಲೋಟ ಇಡಲು ಅವಳು ಒಳಗೆ ಹೋದಾಗ ಸ್ಟೂಲ್ ಹತ್ತಿ ಗಡಿಯಾರ ಇಳಿಸಿದೆ. ಮುಳ್ಳನ್ನು ಅರ್ಧ ಗಂಟೆ ಹಿಂದಕ್ಕೆ ತಿರುಗಿಸಿದೆ. ಮತ್ತೆ ಮೊಳೆಗೆ ತಗುಲಿಸುವಷ್ಟರಲ್ಲಿ ಅವಳು ಬಾಗಿಲಲ್ಲಿ ನಿಂತಿದ್ದಳು.

"ಎಂತ ಮಾಡ್ತಿದ್ದೀಯೇ ಅಲ್ಲಿ?"

"ಲಾಂಚ್ ತಪ್ಪಿಸ್ಕೊಳ್ತಿದ್ದೀನಿ."

ಗಡಿಯಾರ ನೋಡಿದಳು, ನನ್ನನ್ನು ನೋಡಿದಳು. "ಅಂದ್ರೆ, ನಿಂಗೆ ಗೊತ್ತಿತ್ತಾ? ಅಷ್ಟೂ ವರ್ಷ?"

"ಗೊತ್ತಿತ್ತು."

"ಕಳ್ಳಿ," ಅಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಹೊರಗೆ ಇನ್ನೂ ಬಿಸಿಲಿತ್ತು. ನಾನು ಸ್ಟೂಲಿನಿಂದ ಇಳಿಯುವ ಮೊದಲೇ ಅವಳು ಒಳಗೆ ಹೋಗಿ ಎರಡು ಹಾಸಿಗೆ ಹಾಸತೊಡಗಿದ್ದಳು.