ಕಾಲು ಭಾಗ ಖಾಲಿ

ಫಾತಿಮಾ ಮೇಡಂ ಅವರ ಊಟದ ಡಬ್ಬಿಯಲ್ಲಿ ಕಾಲು ಭಾಗ ಯಾವಾಗಲೂ ಖಾಲಿ ಇರುತ್ತಿತ್ತು. ಯಾಕೆಂದು ಕೇಳಿದರೆ, "ನೀವು ಏನರ ಕೊಟ್ರ ಎಲ್ಲಿ ಹಾಕ್ಕೊಳ್ಳಲಿರಿ?" ಎನ್ನುತ್ತಿದ್ದರು. ಮೊದಲ ತಿಂಗಳು ಯಾರೂ ಏನೂ ಕೊಡಲಿಲ್ಲ. ಆಮೇಲೆ ನಾನು ನಮ್ಮವ್ವನ ಶೇಂಗಾ ಚಟ್ನಿ ಹಾಕತೊಡಗಿದೆ.

ಎಂಬತ್ತರ ದಶಕದ ನಡುವೆ ಬಳ್ಳಾರಿಯ ನಮ್ಮ ನೂಲಿನ ಗಿರಣಿಗೆ ಕಂಪ್ಯೂಟರ್ ಬಂತು. ಕುರುಗೋಡಿನಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಈಕೆ ಅದರ ಪ್ರೋಗ್ರಾಮರ್, ನಾನು ಕೈಕೆಳಗಿನವ. ಮೋಕಾ ಊರಿನ ನಮ್ಮ ಮನೆತನದಲ್ಲಿ ಡಿಗ್ರಿ ಕಂಡ ಮೊದಲಿಗ ನಾನೇ. ಮೆಣಸಿನಕಾಯಿ ತೊಟ್ಟು ಬಿಡಿಸಿ ಉರಿಯುವ ಕೈಯಲ್ಲೇ ಪೆನ್ನು ಹಿಡಿದವನು, ಸುಲಭಕ್ಕೆ ಯಾರಿಗೂ ತಲೆಬಾಗುತ್ತಿರಲಿಲ್ಲ. ಈಕೆಗೆ ಬಾಗಿದೆ.

ಕಾರ್ಮಿಕರ ಹೆಸರು, ಹಾಜರಿ, ಪಗಾರ ಎಲ್ಲ ಇದ್ದ ಫೈಲನ್ನು ಅವರು ಒಂದೇ ಅಳತೆಯ ಪುಟಗಳಾಗಿ ವಿಂಗಡಿಸಿ ಡಿಸ್ಕಿನಲ್ಲಿ ಇಟ್ಟಿದ್ದರು. "ಒಬ್ಬನ ಹೆಸರು ಬೇಕಂದ್ರೂ ಮಷೀನು ಇಡೀ ಪುಟಾನ ಎತ್ತಿ ತರತೈತಿ. ಅದಕ್ಕ ಒಂದು ಖಾತೆಯವರು, ಅಂದ್ರ ಒಂದ ವಿಭಾಗದಾಗ ದುಡಿಯೋರು, ಒಂದ ಕಡಿ ಇರಬೇಕು. ಹೊಸಬರು ಬಂದ್ರ ಅಲ್ಲೇ ಕುಂದರಾಕ ಜಾಗ ಬಿಟ್ಟಿರಬೇಕು," ಎಂದು ಕಲಿಸಿದರು. ಪ್ರತಿ ಪುಟದಲ್ಲೂ ಕಾಲು ಭಾಗ ಖಾಲಿ.

ಆ ಖಾಲಿ ಜಾಗ ಗಿರಣಿಯ ಮ್ಯಾನೇಜರನ ಕಣ್ಣಿಗೆ ಚುಚ್ಚಿತು. "ಗೋಡೌನು ಕಾಲು ಭಾಗ ಖಾಲಿ ಇಟ್ಟು ಯಾರರ ಬಾಡಿಗಿ ಕಟ್ತಾರೇನಮ್ಮಾ?" ಎಂದು ಎಲ್ಲರೆದುರು ನಕ್ಕ. ಬೇಡವೆಂದು ಮೇಡಂ ಎಷ್ಟು ಹೇಳಿದರೂ ಕೇಳದೆ ಪುಟಗಳನ್ನೆಲ್ಲ ಒತ್ತೊತ್ತಿ ತುಂಬಿಸಿದ. ಮುಂದೆ ಸಿರುಗುಪ್ಪದ ಹತ್ತಿ ಘಟಕದ ಕೆಲಸಗಾರರನ್ನು ನಮ್ಮ ಖಾತೆಗಳಿಗೆ ಹಂಚಿದಾಗ ಆ ಖಾತೆಗಳ ಪುಟಗಳಲ್ಲಿ ಜಾಗವೇ ಇಲ್ಲ. ಹೆಸರುಗಳು ಎಲ್ಲೆಲ್ಲೋ ಚದುರಿದವು. ಒಬ್ಬನನ್ನು ಹುಡುಕಲು ಯಂತ್ರ ಪುಟದಿಂದ ಪುಟಕ್ಕೆ ಅಲೆಯಿತು. ಪಗಾರದ ದಿನ ಸಂಜೆಯಾದರೂ ಚೀಟಿ ಅಚ್ಚಾಗಲಿಲ್ಲ, ಗೇಟಿನಲ್ಲಿ ಕೂಗಾಟ.

ಮ್ಯಾನೇಜರ ಗೇಟಿಗೆ ಹೋಗಿ, ತಪ್ಪೆಲ್ಲ ಕಂಪ್ಯೂಟರ್ ಅಮ್ಮನದು ಎಂದ. ಜನ ನಂಬಿದರು. ನಾನು ನಿಜ ಹೇಳಿದೆ, ಮಾಲೀಕರಿಗೆ ಬರೆದೂ ಕೊಟ್ಟೆ, ಓದುವವರಿರಲಿಲ್ಲ. ಮೇಡಂ ಅವರನ್ನು ಕೆಲಸದಿಂದ ತೆಗೆದು ಮ್ಯಾನೇಜರನ ಅಳಿಯನನ್ನು ಆ ಕುರ್ಚಿಗೆ ಕೂರಿಸಿದರು. ಅಳಿಯ ಮಾಡಿದ ಮೊದಲ ಕೆಲಸವೆಂದರೆ ಪುಟಗಳಲ್ಲಿ ಮತ್ತೆ ಕಾಲು ಭಾಗ ಖಾಲಿ ಬಿಟ್ಟಿದ್ದು. ಅದಕ್ಕೆ ಬಡ್ತಿ ಕೊಟ್ಟರು.

ಮೇಡಂ ಕೊನೆಗೆ ಸಿಕ್ಕಿದ್ದು ಬಳ್ಳಾರಿ ಬಸ್ ನಿಲ್ದಾಣದಲ್ಲಿ. ಊರಿನಲ್ಲೇ ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದರಂತೆ. ಅಳಿಯನ ಸುದ್ದಿ ಹೇಳಿದೆ. "ಪುಟ ಸರಿ ಆದ್ವಲ್ಲ, ಸಾಕು ಬಿಡ್ರಿ," ಎಂದು ಡಬ್ಬಿ ಬಿಚ್ಚಿದರು. ನಾನು ಚೀಲದಿಂದ ಚಟ್ನಿ ತೆಗೆದೆ.

ಡಬ್ಬಿ ಅಂಚಿನತನಕ ತುಂಬಿತ್ತು.