ಡೆನ್ವರ್ ಕೇಳಿ ಪಡೆದ ಹನ್ನೆರಡು ಮಂದಿ

ಡೆನ್ವರ್ ಕಾಡಿಲ್‌ಗೆ ಎಪ್ಪತ್ತೊಂದು ವರ್ಷ. ಅದರಲ್ಲಿ ಮೂವತ್ತನಾಲ್ಕು ವರ್ಷ ಅಮೆರಿಕದ ಕೆಂಟಕಿಯ ಗುಡ್ಡದ ಹಾದಿಗಳಲ್ಲಿ ಶಾಲೆಯ ಬಸ್ಸು ಓಡಿಸಿದ್ದ. ಹಿಮ ಬೀಳಲಿ, ಹಳ್ಳ ಉಕ್ಕಲಿ, ಬಸ್ಸು ಏಳಕ್ಕೆ ಬಂದೇ ಬರುತ್ತಿತ್ತು. ಅಂಥವನ ಮೇಲೆ ಪಕ್ಕದ ಜಮೀನಿನವನು ಕಳ್ಳತನದ ದೂರು ಕೊಟ್ಟಿದ್ದ. ತನ್ನ ಕಾಡಿಗೆ ನುಗ್ಗಿ, ಔಷಧಿಗೆಂದು ದುಬಾರಿ ಬೆಲೆಗೆ ಹೋಗುವ ಜಿನ್ಸೆಂಗ್ ಬೇರು ಅಗೆದನಂತೆ! ಅಗೆದದ್ದು ನಿಜ, ಆದರೆ ಬೇಲಿಯ ಈಚೆ, ತನ್ನ ಜಾಗದಲ್ಲೇ ಎಂಬುದು ಡೆನ್ವರನ ವಾದ.

ಸರ್ಕಾರ ಕೊಟ್ಟ ವಕೀಲೆ ಹೇಲಿ ಸುಲಭದ ದಾರಿ ಹೇಳಿದಳು. "ತಪ್ಪಾಯ್ತು ಅಂದ್ಬಿಡಿ. ಜೈಲಿಲ್ಲ, ಏನಿಲ್ಲ. ಜ್ಯೂರಿ ಮುಂದೆ ಸೋತ್ರೆ ಜೈಲೇ."

"ಮಾಡದ ತಪ್ಪು ಹ್ಯಾಗಮ್ಮ ಒಪ್ಕೊಳ್ಳಲಿ? ಚರ್ಚಲ್ಲಿ ತಲೆ ಎತ್ಕೊಂಡು ಕೂರ್ಬೇಕು ನಾನು. ನಮ್ಮೂರ ಹನ್ನೆರಡು ಜನ ಜ್ಯೂರಿಯಾಗಿ ಕೂತು ಕೇಳಿ ತೀರ್ಪು ಹೇಳ್ಲಿ. ಆ ಹಕ್ಕು ನಂಗಿದೆಯೋ ಇಲ್ವೋ?"

"ಇದೆ."

"ಮತ್ತಿನ್ನೇನು!"

ಜ್ಯೂರಿ ಆರಿಸುವ ದಿನ ನ್ಯಾಯಾಧೀಶರು, "ಆರೋಪಿಯ ಪರಿಚಯ ಯಾರಿಗಿದೆ?" ಎಂದರು. ಜ್ಯೂರಿಗೆಂದು ಕರೆಸಿದ್ದ ನಲವತ್ತು ಮಂದಿಯೂ ಕೈ ಎತ್ತಿದರು. ಅರ್ಧ ಜನ ಅವನ ಬಸ್ಸಿನಲ್ಲೇ ಬೆಳೆದವರು. ಒಬ್ಬನಂತೂ ಡೆನ್ವರನತ್ತ ಕೈ ಬೀಸಿ ನ್ಯಾಯಾಧೀಶರಿಂದ ಬೈಸಿಕೊಂಡ. ಅವರನ್ನೆಲ್ಲ ಕಳಿಸಿದರೆ ಕೋರ್ಟಿನ ಬೆಂಚುಗಳೇ ತೀರ್ಪು ಹೇಳಬೇಕಿತ್ತು. ಹಾಗಾಗಿ ಒಬ್ಬೊಬ್ಬರನ್ನೇ ವಿಚಾರಿಸತೊಡಗಿದರು.

ಔಷಧಿ ಅಂಗಡಿಯ ರೀಟಾ ಫ್ಯೂಗೇಟ್ ಎದ್ದು ನಿಂತಳು. "ನಂಗೆ ಎಂಟು ವರ್ಷ ಇದ್ದಾಗ ಇವ್ರು ನನ್ನನ್ನ ಬಸ್ಸಿಂದ ಇಳಿಸಿದ್ರು ಸ್ವಾಮಿ. ಕಿಟಕಿ ಗಾಜು ಒಡೆದಿದ್ದು ನಾನಲ್ಲ. ಹಾಗಂತ ಹೇಳೋಕೂ ಬಿಡ್ಲಿಲ್ಲ. ಎರಡು ಮೈಲಿ ಅಳ್ತಾ ನಡೆದೆ."

"ಈಗ ಇವರ ಮಾತು ನ್ಯಾಯವಾಗಿ ಕೇಳ್ತೀರಾ?" ಎಂದರು ನ್ಯಾಯಾಧೀಶರು.

"ಅವ್ರು ಕೇಳ್ಲಿಲ್ಲ. ನಾನು ಕೇಳ್ತೀನಿ."

ಡೆನ್ವರನ ಮುಖ ಸಪ್ಪಗಾಯಿತು. ಆ ದಿನ ಅವನಿಗೆ ನೆನಪೇ ಇರಲಿಲ್ಲ. ಅದೇ ಹೆಚ್ಚು ಚುಚ್ಚಿತು.

"ಇವ್ಳು ಬೇಡ. ಕಾರಣ ಹೇಳ್ದೇನೇ ತೆಗೆಸ್ಬಹುದು," ಎಂದು ಹೇಲಿ ಪಿಸುಗುಟ್ಟಿದಳು.

"ಇರ್ಲಿ ಬಿಡಮ್ಮ."

"ಮುಳುಗ್ತೀರಿ!"

"ಮಾತು ಕೇಳ್ದೆ ಶಿಕ್ಷೆ ಕೊಟ್ರೆ ಹ್ಯಾಗಿರತ್ತೆ ಅಂತ ಇಲ್ಲಿ ಅವ್ಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?"

ವಿಚಾರಣೆ ಎರಡು ದಿನ ನಡೆಯಿತು. ಜ್ಯೂರಿಯವರು ಜಮೀನಿನ ನಕ್ಷೆ ತರಿಸಿಕೊಂಡು ಐದು ಗಂಟೆ ಬಾಗಿಲು ಹಾಕಿಕೊಂಡು ಕೂತರು. ಕೊನೆಗೆ ಎಲ್ಲರ ಪರವಾಗಿ ಎದ್ದವಳು ರೀಟಾ.

"ನಿರ್ದೋಷಿ."

ಹೊರಗೆ ಮೆಟ್ಟಿಲಿನ ಬಳಿ ಡೆನ್ವರ್ ಟೋಪಿ ತೆಗೆದು ಅವಳನ್ನು ತಡೆದ. "ರೀಟಾ, ಅವತ್ತು ಬಸ್ಸಲ್ಲಿ ಏನಾಯ್ತು, ಹೇಳಮ್ಮ."

ರೀಟಾ ಕೈಚೀಲ ಇಳಿಸಿ ಮೆಟ್ಟಿಲ ಮೇಲೆ ಕೂತಳು.

"ಕೂತ್ಕೊಳ್ಳಿ," ಎಂದಳು. "ಸ್ವಲ್ಪ ಉದ್ದ ಇದೆ."